ನಡುಹೊಳೆಯಲ್ಲಿ ಮಿಸ್ಸಿಂಗ್

ಜೂನ್ 12, ಗುರುವಾರ

ಬೆಳಗಿನ ಮೊದಲ ಟ್ರಿಪ್. ಹಾಲಿನ ಕ್ಯಾನುಗಳು, ಆಚೆ ದಂಡೆಗೆ ಕೂಲಿಗೆ ಹೋಗುವವರು, ಹಂಪಿ ನೋಡಲು ಬಂದ ಒಂದಿಷ್ಟು ಟೂರಿಸ್ಟ್ ಜನ. ಟಿಕೆಟ್ ಹರಿದು ಕೊಟ್ಟು ನಾನೂ ಮುಂದೆ ಕೂತೆ. ಹಿಂದೆ ಇಂಜಿನ್ ಹತ್ತಿರ ಅಣ್ಣ. ನಡುಹೊಳೆಯಲ್ಲಿ ಸೆಳವು ಜಾಸ್ತಿ, ಅಲ್ಲಿ ಯಾವಾಗಲೂ ಫುಲ್ ಎಕ್ಸಲೇಟರ್ ಕೊಡಬೇಕು. ಕೊಟ್ಟ. ಇಂಜಿನ್ ಪಟ್… ಪಟ್ ಪಟ್… ಎಂದು ಮುಗ್ಗರಿಸಿತು. ದೋಣಿ ಬಂಡೆಗಳ ಕಡೆ ಜಾರಿತು. ಮತ್ತೆ ತಾನೇ ಸರಿಹೋಯಿತು.

ವಾರದಿಂದ ಹೀಗೇ. ನಿಧಾನ ಹೋದರೆ ಏನೂ ಇಲ್ಲ. ಜೋರು ಮಾಡಿದರೆ ಮಿಸ್ಸಿಂಗ್.

"ಪೆಟ್ರೋಲಿನ್ಯಾಗ ಏನರ ಬಂದಿರಬೇಕು ಬಿಡು ದುರ್ಗೀ" ಅಂದ ಅಣ್ಣ. ನನ್ನ ಮುಖ ನೋಡಲಿಲ್ಲ.

ಮಧ್ಯಾಹ್ನ ಕ್ಯಾನಿನ ಪೆಟ್ರೋಲನ್ನು ಗಾಜಿನ ಬಾಟಲಿಗೆ ಸುರಿದು ಬಿಸಿಲಿಗೆ ಹಿಡಿದೆ. ತಳದಲ್ಲಿ ನೀರಿಲ್ಲ. ಆದರೂ ಹುಲಿಗೆಪ್ಪನ ಮೇಲೆ ಅನುಮಾನ. ಇದೇ ದಂಡೆಯಲ್ಲಿ ಅವನ ದೋಣಿಯೂ ಇದೆ. ನಮ್ಮದು ನಿಂತರೆ ಜನವೆಲ್ಲ ಅವನಿಗೆ. ನಮ್ಮ ಕ್ಯಾನ್ ದಿನವಿಡೀ ಬೇವಿನ ಮರದ ಕೆಳಗೆ ಹಾಗೇ ಬಿದ್ದಿರುತ್ತದೆ.

ಇನ್ನು ಮೇಲೆ ಕ್ಯಾನ್ ನನ್ನ ಕಾಲ ಬುಡದಲ್ಲಿ.

ಜೂನ್ 14, ಶನಿವಾರ

ಕ್ಯಾನ್ ನನ್ನ ಹತ್ತಿರವೇ ಇಟ್ಟುಕೊಂಡೆ. ಬೇರೆ ಬಂಕಿನ ಪೆಟ್ರೋಲ್. ಫಿಲ್ಟರ್ ಹೊಸದು. ಟ್ಯಾಂಕಿನ ಮುಚ್ಚಳದ ಗಾಳಿ ತೂತು ಸೂಜಿ ಹಾಕಿ ನೋಡಿದೆ, ಕಟ್ಟಿಲ್ಲ. ಪೈಪಿಗೆ ಸೋಪಿನ ನೊರೆ ಹಚ್ಚಿದೆ, ಎಲ್ಲೂ ಗುಳ್ಳೆ ಬರಲಿಲ್ಲ. ಇದೆಲ್ಲ ಅಪ್ಪ ಕಲಿಸಿದ್ದು. ಅಪ್ಪ ಹೋದ ಮೇಲೆ ದೋಣಿಯ ಲೈಸೆನ್ಸ್ ಅಣ್ಣನ, ನನ್ನ ಇಬ್ಬರ ಹೆಸರಿಗೂ ಆಗಿದೆ.

ಹತ್ತು ಗಂಟೆ ಟ್ರಿಪ್ಪಿನಲ್ಲಿ ಮತ್ತೆ ಮಿಸ್ಸಿಂಗ್.

ಹುಲಿಗೆಪ್ಪ ದಂಡೆಯಲ್ಲಿ ನಿಂತು ನೋಡುತ್ತಿದ್ದ. ನಕ್ಕನೋ, ಬಿಸಿಲಿಗೆ ಮುಖ ಕಿವುಚಿದನೋ… ನಕ್ಕ.

ಜೂನ್ 17, ಮಂಗಳವಾರ

ಗಂಗಾವತಿಯಿಂದ ಶಫೀಸಾಬರು ಬಂದರು. ಬೈಕು, ಪಂಪ್‌ಸೆಟ್, ದೋಣಿ ಇಂಜಿನ್ — ಎಲ್ಲದಕ್ಕೂ ಅವರೇ. ಅಪ್ಪನ ಕಾಲದಿಂದ. ಪ್ಲಗ್ ಬದಲಾಯಿಸಿದರು, ಕಾರ್ಬುರೇಟರ್ ಬಿಚ್ಚಿ ತೊಳೆದರು. ಆಮೇಲೆ ತಾವೇ ಕೂತು ಫುಲ್ ಸ್ಪೀಡಿನಲ್ಲಿ ಬಂಡೆತನಕ ಹೋಗಿ ಬಂದರು. ಬೆಣ್ಣೆಯ ಹಾಗೆ ಓಡಿತು.

"ಇಂಜಿನ್ ಛಲೋ ಐತಿ ತಂಗೀ. ಮಿಸ್ಸಿಂಗ್ ಎಲ್ಲೈತಿ?"

ಅವರು ಬಸ್ ಹತ್ತಿರಲಿಕ್ಕಿಲ್ಲ, ಅಣ್ಣ ಜನರನ್ನು ಹತ್ತಿಸಿಕೊಂಡು ಹೊರಟ. ನಡುಹೊಳೆ. ಪಟ್… ಪಟ್ ಪಟ್.

ಈಗ ಶಫೀಸಾಬರ ಮೇಲೇ ಅನುಮಾನ. ಪೊಟ್ಟಣ ಹೊಸದು, ಒಳಗಿನ ಪ್ಲಗ್ ಹಳೆಯದೋ ಏನೋ. ಹಾಗೆ ಮಾಡುವವರಲ್ಲ. ಆದರೂ ಬಿಚ್ಚಿ ನೋಡಿದೆ. ಹೊಸದೇ.

ಜೂನ್ 21, ಶನಿವಾರ

ಅಣ್ಣ ಬೆಳಿಗ್ಗೆಯೇ ಗಂಗಾವತಿಗೆ ಹೋದ. "ಶಫೀಸಾಬರ ಹತ್ರ ಇಂಜಿನ್ನಿಗೆ ಹೊಸಾ ಕಾಯಿಲ್ ತರ್ತೀನಿ" ಅಂದ. ದಿನವೆಲ್ಲ ನಾನೇ ದೋಣಿ ನಡೆಸಿದೆ. ಬೇಕೆಂದೇ ಪ್ರತಿ ಟ್ರಿಪ್ಪಿಗೂ ಫುಲ್ ಕೊಟ್ಟೆ. ಒಂದು ಸಲವೂ ಮಿಸ್ ಆಗಲಿಲ್ಲ. ಒಂದು ಸಲವೂ!

ಸಂಜೆ ಅಣ್ಣ ಬಂದ, ಬರಿಗೈಯಲ್ಲಿ. ಕಾಯಿಲ್ ಸಿಗಲಿಲ್ಲವಂತೆ. ಕೊನೇ ಟ್ರಿಪ್ ತಾನೇ ಹಿಡಿದ. ಮಿಸ್ಸಿಂಗ್.

ಶಫೀಸಾಬರಿಗೆ ಫೋನ್ ಮಾಡಿದೆ.

"ನಿಮ್ಮಣ್ಣ ಹೇಮಪ್ಪಾ? ಇವತ್ತು ಅಂಗಡಿ ಕಡಿ ಬಂದಿಲ್ಲಲ್ಲ ತಂಗೀ. ಕಾಯಿಲ್ ನನ್ನ ಹತ್ರನ ಐತಿ."

ಫೋನ್ ಇಟ್ಟು ಒಂದೊಂದೇ ಲೆಕ್ಕ ಹಾಕಿದೆ. ಪೆಟ್ರೋಲ್ ಅಲ್ಲ. ಪ್ಲಗ್ ಅಲ್ಲ. ಹುಲಿಗೆಪ್ಪನೂ ಅಲ್ಲ. ನಾನು ಹಿಡಿದರೆ ಓಡುತ್ತದೆ, ಶಫೀಸಾಬರು ಹಿಡಿದರೆ ಓಡುತ್ತದೆ. ಅಣ್ಣ ಹಿಡಿದರೆ…

ಜೂನ್ 22, ಭಾನುವಾರ

ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ. ಅಣ್ಣ ಬೇಕೆಂದೇ ಮಾಡುತ್ತಿದ್ದಾನೆ.

ಈಗ ನೆನಪಾಗುತ್ತಿದೆ. ಯುಗಾದಿಯಿಂದ ಅವನು ಮೊದಲಿನ ಹಾಗಿಲ್ಲ. ನಮ್ಮ ಜೊತೆ ಉಣ್ಣಲು ಕೂರುವುದಿಲ್ಲ. ತಾಟು, ಲೋಟ ತಾನೇ ತೊಳೆದು ಬೇರೆ ಗೂಡಿನಲ್ಲಿ ಇಡುತ್ತಾನೆ. ಹಾಸಿಗೆ ಪಡಸಾಲೆಗೆ ಬಂದಿದೆ. ನನ್ನ ಮಗಳು ಅಮೃತಾ "ಮಾಮಾ" ಅಂತ ಕೈ ಎತ್ತಿಕೊಂಡು ಓಡಿದರೆ ಹಿಂದೆ ಸರಿಯುತ್ತಾನೆ. "ಮೈಯೆಲ್ಲಾ ಆಯಿಲ್ ಐತಿ, ಅತ್ತಾಗ ಸರಿ." ಐದು ವರ್ಷದ ಕೂಸು. ಮೊದಲು ಇವನ ಹೆಗಲ ಮೇಲೇ ಬೆಳೆದದ್ದು.

ತಪ್ಪು ಮಾಡುವವರು ಹೀಗೇ ಮುಖ ತಪ್ಪಿಸುತ್ತಾರೆ.

ಜೂನ್ 25, ಬುಧವಾರ

ಅತ್ತಿಗೆ ಶೇಖರಮ್ಮ ರೊಟ್ಟಿ ತಟ್ಟುತ್ತ ತಾನಾಗಿಯೇ ಬಾಯಿ ಬಿಟ್ಟಳು.

"ನಿಮ್ಮಣ್ಣಗ ಗಂಗಾವತಿಯಾಗ ಯಾರೋ ಒಬ್ಬಾಕಿ ಗಂಟು ಬಿದ್ದಾಳವಾ."

"ಸುಮ್ನಿರು ಅತ್ತಿಗಿ."

"ಏನ್ ಸುಮ್ನಿರೂದು? ಹೋಗಿ ಬಂದ ದಿನಾ ಮೈಯೆಲ್ಲ ಒಂಥರಾ ಎಣ್ಣಿ ವಾಸ್ನಿ. ಇಂಜಿನ್ ಆಯಿಲ್ ವಾಸ್ನಿ ನನಗ ಗೊತ್ತಿಲ್ಲೇನು? ಇದು ಅದಲ್ಲ. ಯಾವಾಕಿ ಹಚ್ಚಿ ಕಳಸ್ತಾಳೋ. ನಾ ಮುಟ್ಟಾಕ ಹೋದ್ರ ದೂರ ಸರೀತಾನ." ರೊಟ್ಟಿಯನ್ನು ಹಂಚಿನ ಮೇಲೆ ಬಡಿದ ಹಾಗೆ ಹಾಕಿದಳು.

ನಮ್ಮ ಮನೆಯವರಿಗೆ ಫೋನ್ ಮಾಡಿದೆ. ಕುಷ್ಟಗಿ ಕಡೆ ಗ್ರಾನೈಟ್ ಲಾರಿ ಓಡಿಸುತ್ತಾರೆ, ಮನೆಗೆ ಬರುವುದು ಅಪರೂಪ. ಎಲ್ಲ ಕೇಳಿ ಅಂದರು — "ಇನ್ನೂ ತಿಳೀಲಿಲ್ಲೇನು ನಿನಗ? ಇಂಜಿನ್ ಕೆಟ್ಟೈತಿ ಅಂತ ತೋರ್ಸೋದು, ನೀ ಬ್ಯಾಸತ್ತು ಪಾಲು ಬಿಡೂದು. ಹೆಂಗಸರು ಎಲ್ಲಿತನಾ ಹೊಳಿಯಾಗ ಜಗ್ಗಾಡ್ತಾರ ಅಂತ ಅವನ ಲೆಕ್ಕ."

ನನ್ನ ಮನಸ್ಸಿನಲ್ಲಿದ್ದದ್ದೇ. ಬೇರೆಯವರ ಬಾಯಲ್ಲಿ ಕೇಳಿದಾಗ ಫೋನ್ ಕಟ್ ಮಾಡಿದೆ.

ಜೂನ್ 28, ಶನಿವಾರ

ಇದನ್ನು ಏನೆಂದು ತಿಳಿಯುವುದೋ ಗೊತ್ತಿಲ್ಲ. ಬರೆದಿಡುತ್ತೇನೆ.

ಅಣ್ಣ ಟ್ರಿಪ್ ಮುಗಿಸಿ ಬಂದು, ಆಗ ತಾನೇ ಬಂದ್ ಮಾಡಿದ ಇಂಜಿನ್ನಿನ ಪ್ಲಗ್ ಬಿಚ್ಚಿದ. ಸುಡುವಷ್ಟು ಬಿಸಿ ಇರುತ್ತದೆ. ಎಡಗೈಯಲ್ಲಿ ಹಿಡಿದುಕೊಂಡೇ ಹುಲಿಗೆಪ್ಪನ ಜೊತೆ ಮಾತಿಗೆ ನಿಂತ. ಚರ್ಮ ಸುಟ್ಟ ವಾಸನೆ ಮೊದಲು ನನಗೇ ಬಂತು.

"ಅಣ್ಣಾ, ಕೈ!"

ನೋಡಿಕೊಂಡ. ಪ್ಲಗ್ ಕೆಳಗೆ ಬಿತ್ತು. "ಭಾಳ ಬಿಸಿ ಇಲ್ಲ ಬಿಡು" ಅಂದ. ಬೆರಳ ತುಂಬ ಬೊಬ್ಬೆ ಎದ್ದಿತ್ತು.

ಕುಡಿದಿದ್ದಾನೆ ಅಂದುಕೊಂಡೆ. ಹತ್ತಿರ ಹೋಗಿ ಮೂಸಿದೆ. ಹೆಂಡದ ವಾಸನೆ ಇಲ್ಲ. ಅತ್ತಿಗೆ ಹೇಳಿದ ಎಣ್ಣೆ ವಾಸನೆ ಮಾತ್ರ — ಕಹಿ, ಬೇವು ಸುಟ್ಟ ಹಾಗೆ.

ಜುಲೈ 2, ಬುಧವಾರ

ಇವತ್ತು ಆಡಿಬಿಟ್ಟೆ. ಎಲ್ಲರ ಮುಂದೆ.

ಬೆಳಗಿನ ಟ್ರಿಪ್ಪಿನಲ್ಲಿ ಮಿಸ್ ಆಗಿ ದೋಣಿ ಅರ್ಧ ತಿರುಗಿತು. ಬಸುರಿ ಹೆಂಗಸೊಬ್ಬಳು ಕಿರುಚಿದಳು. ದಂಡೆಗೆ ಬಂದದ್ದೇ ತಡ ನನಗೆ ತಡೆಯಲಾಗಲಿಲ್ಲ.

"ಸಾಕು ಮಾಡು ಅಣ್ಣಾ ನಾಟಕಾ. ನಾ ಹಿಡಿದ್ರ ಓಡೋ ಇಂಜಿನ್ ನೀ ಹಿಡಿದ್ರ ಯಾಕ ನಿಲ್ತೈತಿ?"

"ನನಗೇನ್ ಗೊತ್ತವಾ."

"ಎಲ್ಲಾ ಗೊತ್ತೈತಿ ನಿನಗ. ಗಂಗಾವತಿಗೆ ಶಫೀಸಾಬರ ಹತ್ರ ಹೋಗಿದ್ದೆ ಅಂದಿ, ಹೋಗಿಲ್ಲ. ನನ್ನ ಪಾಲು ಬೇಕಂದ್ರ ಬಾಯಿ ಬಿಟ್ಟು ಕೇಳು. ಹಿಂಗ ಕಳ್ಳನ ಹಂಗ ಜನರ ಜೀವದ ಜೊತಿ ಆಟ ಆಡಬ್ಯಾಡ."

ಜನ ನಿಂತು ಕೇಳಿದರು. ಹುಲಿಗೆಪ್ಪ ಹಗ್ಗ ಸುತ್ತುವುದನ್ನೇ ಬಿಟ್ಟು ನಿಂತ. ಅಣ್ಣ ಬೈಯುತ್ತಾನೆ, ಹೊಡೆಯಲೂ ಬರುತ್ತಾನೆ ಅಂದುಕೊಂಡಿದ್ದೆ. ಪೆಟ್ರೋಲ್ ಕ್ಯಾನನ್ನು ನನ್ನ ಮುಂದೆ ಇಟ್ಟ.

"ನಿನಗ ಹಂಗ ಅನಿಸಿದ್ರ ನೀನ ನಡಸವಾ."

ಹೊರಟುಹೋದ. ಗೆದ್ದ ಹಾಗೆ ಅನ್ನಿಸಬೇಕಿತ್ತು.

ಜುಲೈ 3

ಅಣ್ಣ ಉಂಡಿಲ್ಲ. ಇಂಜಿನ್ ಛಲೋ ಓಡುತ್ತಿದೆ.

ಜುಲೈ 5, ಶನಿವಾರ. ರಾತ್ರಿ



ಮಧ್ಯಾಹ್ನ ಡ್ಯಾಮಿನಿಂದ ನೀರು ಬಿಟ್ಟ ಸುದ್ದಿ ಬಂತು. ಸಂಜೆಯಿಂದ ದೋಣಿ ಬಂದ್. ಆಚೆ ದಂಡೆಯಲ್ಲಿ ನಮ್ಮ ಕಡೆಯ ಜನ ನಿಂತಿದ್ದರು, ಅವರನ್ನು ತರಬೇಕಿತ್ತು. ಹೊಳೆಯ ಬಣ್ಣವೇ ಬದಲಾಗಿತ್ತು. ಅಂಥ ನೀರಿನಲ್ಲಿ ಬಂಡೆಗಳ ನಡುವಿನ ದಾರಿ ಗೊತ್ತಿದ್ದದ್ದು ಅಣ್ಣನಿಗೆ ಮಾತ್ರ. ನಾನು ಕರೆಯಲಿಲ್ಲ. ಅವನೇ ಬಂದು ಇಂಜಿನ್ ಹತ್ತಿರ ಕೂತ.

ಹೋಗುವಾಗ ದೋಣಿ ಖಾಲಿ, ಸೆಳವಿನ ಜೊತೆಗೇ ಓರೆಯಾಗಿ ನಿಧಾನ ದಾಟಿದೆವು. ಜನ ಹತ್ತಿದರು. ಬರುವಾಗ ಭಾರ, ಎದುರು ಸೆಳವು — ಫುಲ್ ಕೊಡದೆ ಆಗುವುದಿಲ್ಲ. ನಾನು ಅವನ ಪಕ್ಕಕ್ಕೇ ಹೋಗಿ ಕೂತೆ. ಕಳ್ಳನನ್ನು ಕೈಯಾರೆ ಹಿಡಿಯಲು. ಹ್ಯಾಂಡಲ್ ಹಿಡಿದ ಎಡಗೈ ಮೇಲಿಂದ ಕಣ್ಣು ತೆಗೆಯಲಿಲ್ಲ.

ನಡುಹೊಳೆ. ಪೂರ್ತಿ ತಿರುವಿದ. ಹ್ಯಾಂಡಲ್ ಥರಥರ ನಡುಗಿತು. ಆಗ ಕಂಡದ್ದು — ಕಿರುಬೆರಳು, ಅದರ ಪಕ್ಕದ ಬೆರಳು ಹಿಡಿಯೊಳಗೆ ಇಲ್ಲವೇ ಇಲ್ಲ. ಕೊಕ್ಕೆಯ ಹಾಗೆ ಬಾಗಿ ಹೊರಗೆ ನಿಂತಿವೆ. ನಡುಕಕ್ಕೆ ಕೈ ಸ್ವಲ್ಪ ಸ್ವಲ್ಪವೇ ಜಾರಿ ಅಂಗೈಯ ಬುಡ ಹ್ಯಾಂಡಲ್ ತುದಿಗೆ ಬಂತು. ಅಲ್ಲಿ ಕೆಂಪು ಬಟನ್ ಇದೆ. ಇಂಜಿನ್ ಬಂದ್ ಮಾಡುವ ಬಟನ್.

ಪಟ್… ಪಟ್ ಪಟ್…

"ಅಣ್ಣಾ, ಬಟನ್ ಒತ್ತಾಕತ್ತೀ! ಕೈ ತಗಿ!"

"ನಾ ಎಲ್ಲಿ ಒತ್ತೀನಿ?"

"ತಗಿ ಅಂದ್ನಿ!"

"ತಗದೀನಲ್ಲ ದುರ್ಗೀ!"

ತೆಗೆದಿರಲಿಲ್ಲ. ಸುಳ್ಳೂ ಹೇಳುತ್ತಿರಲಿಲ್ಲ. ತನ್ನ ಕೈ ಎಲ್ಲಿದೆ ಅಂತ ಬಗ್ಗಿ ನೋಡಿದ. ನೋಡಿಯೇ ಅವನಿಗೆ ಗೊತ್ತಾಯಿತು. ಆ ಮುಖ ನಾನು ಸಾಯುವವರೆಗೂ ಮರೆಯುವುದಿಲ್ಲ.

ಇಂಜಿನ್ ಪೂರ್ತಿ ಬಂದ್. ದೋಣಿ ಎಲೆಯ ಹಾಗೆ ಕೆಳಗೆ ಹೊರಟಿತು. ಹಿಂದೆ ಯಾರೋ "ತಾಯಿ ಹುಲಿಗೆಮ್ಮಾ" ಅಂತ ಕೂಗತೊಡಗಿದರು. ಅಣ್ಣ ಹ್ಯಾಂಡಲ್ ನನ್ನ ಕಡೆ ತಳ್ಳಿ ಬಿದಿರಿನ ಗಳ ತೆಗೆದುಕೊಂಡು ಮುಂದೆ ಓಡಿದ. ಬಂಡೆಗೆ ಗಳ ಕೊಟ್ಟು ಎದೆಯಿಂದ ಒತ್ತಿ ಹಿಡಿದ. ನಾನು ಸ್ಟಾರ್ಟರ್ ಹಗ್ಗ ಎಳೆದೆ. ಹತ್ತಲಿಲ್ಲ. ಮತ್ತೆ ಎಳೆದೆ. ಹತ್ತಿತು.

"ಎಡಕ್ಕ ಹಿಡಿ! ಆ ನೊರಿ ಬಿಟ್ಟು ಎಡಕ್ಕ… ಹಾಂ, ಈಗ ಫುಲ್ ಕೊಡು! ಹೆದರಬ್ಯಾಡ, ನಾ ಇದೀನಿ!"

ಅವನು ದಾರಿ ಹೇಳಿದ, ನಾನು ಹಿಡಿದೆ. ದಂಡೆ ಸಿಕ್ಕಿತು.

ಜನ ಇಳಿದು ಹೋದರು. ಯಾರಿಗೂ ಏನಾಯಿತೆಂದು ತಿಳಿಯಲಿಲ್ಲ.

ಜುಲೈ 6, ಭಾನುವಾರ

ಅಣ್ಣ ಹಿತ್ತಲಲ್ಲಿ ಕೂತಿದ್ದ. ಎದುರಿಗೆ ಹೋಗಿ ಕೂತೆ. ತಾನಾಗಿ ಅಂಗಿಯ ತೋಳು ಮೇಲೆ ಸರಿಸಿದ. ಮೊಳಕೈ ಕೆಳಗೆ ಬಿಳಿಚಿದ ಮಚ್ಚೆ. ಅಂಚು ಕೆಂಪು.

"ಇಲ್ಲಿ ಚಿವುಟು" ಅಂದ. ಚಿವುಟಿದೆ. "ಜೋರ ಚಿವುಟು." ಉಗುರು ಮೂಡುವ ಹಾಗೆ ಚಿವುಟಿದೆ. ಸುಮ್ಮನೆ ನನ್ನ ಮುಖ ನೋಡುತ್ತಿದ್ದ.

ಬಸ್ ಸ್ಟ್ಯಾಂಡಿನ ಗೋಡೆಯ ಮೇಲಿನ ಸರ್ಕಾರಿ ಚಿತ್ರ ನೋಡಿ ಅವನಿಗೆ ಗೊತ್ತಾಗಿತ್ತಂತೆ. ಕುಷ್ಠ. ಆ ಹೆಸರನ್ನು ಅವನು ಹೇಳಲಿಲ್ಲ. "ದೊಡ್ಡ ಜಡ್ಡು" ಅಂದ. ಗಂಗಾವತಿಗೆ ಹೋಗುತ್ತಿದ್ದದ್ದು ಯಾರೋ ಎಣ್ಣೆ ಕೊಡುವವನ ಹತ್ತಿರ. ಆರು ತಿಂಗಳು ಹಚ್ಚಿದರೆ ಹೋಗುತ್ತದೆ ಅಂದಿದ್ದನಂತೆ.

"ದವಾಖಾನಿಗೆ ಯಾಕ ಹೋಗಲಿಲ್ಲ?"

"ಹೆಸರು ಬರಸಬೇಕಲ್ಲ. ಊರಿಗೆ ಗೊತ್ತಾದ್ರ ನಮ್ಮ ದೋಣಿ ಯಾರ ಹತ್ತತಾರ? ಸಾಲ್ಯಾಗ ಅಮೃತಾನ ಬಾಜೂಕ ಯಾರ ಕುಂದ್ರತಾರ?"

ತಾಟು ಬೇರೆ, ಹಾಸಿಗೆ ಬೇರೆ, ಕೂಸನ್ನು ಮುಟ್ಟದ್ದು — ಎಲ್ಲ ಒಂದೇ ಸಲ ಬಂದು ನನ್ನ ಎದೆಗೆ ಗುದ್ದಿದ ಹಾಗಾಯಿತು.

"ಖರೇ ಅಂದ್ರ ಬಟನ್ ಒತ್ತೀನಿ ಅಂತ ನನಗ ಗೊತ್ತಾಗಿಲ್ಲ ದುರ್ಗೀ. ನೀ ಹಿಡಿದ್ರ ಓಡ್ತಿತ್ತು, ನಾ ಹಿಡಿದ್ರ ಕೆಡ್ತಿತ್ತು. ನೀನ ಏನರ ಮಾಡಿ ಇಡ್ತೀ, ನನ್ನ ಹೊರಗ ಹಾಕಾಕ ನೋಡಾಕತ್ತೀ ಅನ್ಕೊಂಡಿದ್ದೆ."

ಅವನಿಗೂ ನನ್ನ ಮೇಲೇ ಅನುಮಾನವಿತ್ತು! ನಗು ಬಂತು. ಇಬ್ಬರಿಗೂ. ಆಮೇಲೆ ಅವನು ಟವೆಲ್ ಮುಖಕ್ಕೆ ಹಿಡಿದ.

ಇದನ್ನೂ ಬರೆಯಬೇಕು. ಅವನು ಎದ್ದು ಹೋದ ಮೇಲೆ ಚಹಾದ ಲೋಟ ಅಲ್ಲೇ ಇತ್ತು. ಎತ್ತಲು ಕೈ ಹಿಂಜರಿಯಿತು. ಅಂಚು ಮುಟ್ಟದ ಹಾಗೆ ತಳದಲ್ಲಿ ಹಿಡಿದು ಒಯ್ದೆ. ಒಳಗೆ ಹೋಗಿ ಅಮೃತಾಳ ಅಂಗಿ ಬಿಚ್ಚಿ ಬೆನ್ನು, ತೋಳು, ತೊಡೆ ಎಲ್ಲ ನೋಡಿದೆ. ಬೆನ್ನ ಮೇಲೆ ಸಣ್ಣ ಬಿಳಿ ಕಲೆ. ಚಿವುಟಿದೆ. ಅತ್ತಳು. ಅವಳು ಅತ್ತದ್ದಕ್ಕೆ ನನಗೆ ಸಂತೋಷವಾಯಿತು.

ಜುಲೈ 8, ಮಂಗಳವಾರ

ಗಂಗಾವತಿ ದವಾಖಾನೆ. ಡಾಕ್ಟರಮ್ಮ ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಅಣ್ಣನಿಗೆ ಕಣ್ಣು ಮುಚ್ಚಲು ಹೇಳಿ ಪೆನ್ನಿನ ತುದಿಯಿಂದ ಕೈ ಮುಟ್ಟುತ್ತ ಹೋದರು.

"ಮುಟ್ಟಿದ್ದು ಗೊತ್ತಾದ ಕೂಡ್ಲೆ ಹೇಳ್ರಿ."

ಬಲಗೈಗೆ "ಹಾಂ… ಹಾಂ" ಅಂದ. ಎಡಗೈಗೆ ಬಂದರು. ಪೆನ್ನು ಬೆರಳ ಮೇಲೆ, ಅಂಗೈ ಮೇಲೆ, ಅಂಗೈ ಬುಡದ ಮೇಲೆ. ಅಣ್ಣ ಕಣ್ಣು ಮುಚ್ಚಿಕೊಂಡು ಕಾಯುತ್ತಲೇ ಇದ್ದ.

"ಶುರು ಮಾಡ್ರಿ ಮೇಡಮ್" ಅಂದ.

ವರ್ಷದ ಗುಳಿಗೆ. ಪುಕ್ಕಟೆ. ಗುಳಿಗೆ ಶುರುವಾದರೆ ಇನ್ನೊಬ್ಬರಿಗೆ ಅಂಟುವುದಿಲ್ಲ, ಜೊತೆಗೇ ಉಣ್ಣಿ, ಜೊತೆಗೇ ಇರಿ ಅಂದರು. ಜಡ್ಡು ಹೋಗುತ್ತದೆ. ಕೈಯ ಸ್ಪರ್ಶ ಬರಬಹುದು, ಬರದೆಯೂ ಇರಬಹುದು — ತಡ ಮಾಡಿದಿರಿ. ಮನೆಯವರೆಲ್ಲ ತೋರಿಸಿಕೊಳ್ಳಬೇಕು. ನಮಗೆಲ್ಲ ಏನೂ ಇಲ್ಲ. ಅಮೃತಾಳದು ಬರೀ ಸಿಬ್ಬಿನ ಕಲೆ.

ಅತ್ತಿಗೆ ಹೊರಗೆ ಬೆಂಚಿನ ಮೇಲೆ ಕೂತು ಅತ್ತಳು. "ಇನ್ನೊಬ್ಬಾಕಿ ಇದ್ದಿದ್ರ ಹೋಗಿ ಜುಟ್ಟರ ಹಿಡೀತಿದ್ದೆ. ಇದನ್ನ ಎಲ್ಲಿ ಹಿಡೀಲವಾ…" ಆಮೇಲೆ ಎದ್ದು ಹೋಗಿ ಅಣ್ಣನ ಎಡಗೈ ಹಿಡಿದುಕೊಂಡೇ ಬಸ್ ಹತ್ತಿದಳು.

ಆಗಸ್ಟ್ 12, ಮಂಗಳವಾರ

ನೀರು ಇಳಿದಿದೆ. ನಾಳೆಯಿಂದ ದೋಣಿ.

ಶಫೀಸಾಬರು ಬಂದು ಕೆಂಪು ಬಟನ್ನನ್ನು ಹ್ಯಾಂಡಲ್ ತುದಿಯಿಂದ ತೆಗೆದು ಇಂಜಿನ್ನಿನ ಮೈಗೆ ಕೂರಿಸಿಕೊಟ್ಟರು. ಯಾಕೆಂದು ಕೇಳಲಿಲ್ಲ. ನಿಮ್ಮ ಮೇಲೂ ಅನುಮಾನಪಟ್ಟಿದ್ದೆ ಅಂದೆ. "ಮೆಕ್ಯಾನಿಕ್ ಮ್ಯಾಲ ಎಲ್ಲಾರೂ ಪಡ್ತಾರ ಬಿಡು ತಂಗೀ" ಅಂದರು. ಚಹಾ ಕುಡಿಯದೇ ಹೋದರು. ಬೇಜಾರೋ, ಅವಸರವೋ.

ಗುಳಿಗೆಗೆ ಅಣ್ಣನ ಮುಖ ಕಪ್ಪಾಗುತ್ತಿದೆ. ಜನ ಕೇಳುತ್ತಾರೆ.

ಆಗಸ್ಟ್ 13, ಬುಧವಾರ

ನಾನು ಇಂಜಿನ್ ಹತ್ತಿರ, ಅಣ್ಣ ಮುಂದೆ ಗಳ ಹಿಡಿದು. ಹುಲಿಗೆಪ್ಪ ಎಲ್ಲರಿಗೂ ಕೇಳುವ ಹಾಗೆ ಕೇಳಿದ — "ಏನವಾ ದುರ್ಗಮ್ಮ, ಕಳ್ಳ ಸಿಕ್ಕನೇನು?"

"ಸಿಕ್ಕಾಳ" ಅಂದೆ. "ನಾನ. ಇಂಜಿನ್ನಿಗೆ ಏನೂ ಆಗಿರಲಿಲ್ಲ. ದೋಣಿ ಆಸೇಕ ಬಿದ್ದು ಅಣ್ಣನ ಮ್ಯಾಲ ಸುಳ್ಳು ಹೊರಿಸಿದ್ದೆ."

ಅಣ್ಣ ನೀರಿನ ಕಡೆ ತಿರುಗಿ ನಿಂತ.

ಸಂಜೆ ಪಡಸಾಲೆಯಲ್ಲಿ ಬಂದು ಕೂತ. "ನಾಳೆ ನಾನ ಹೇಳ್ತೀನಿ."

"ಬ್ಯಾಡ ಅಣ್ಣಾ. ಜನ ಹತ್ತೂದಿಲ್ಲ."

"ಹತ್ತದಿದ್ರ ಬಿಡಲಿ. ನನ್ನ ಸಲುವಾಗಿ ನೀ ಕಳ್ಳಿ ಅನ್ನಿಸ್ಕೊಳ್ಳೂದು ಬ್ಯಾಡ."

ಆಗಸ್ಟ್ 14, ಗುರುವಾರ. ಮಧ್ಯಾಹ್ನ

ಹೇಳಿದ. ದೋಣಿ ತುಂಬಿದಾಗ, ಹಗ್ಗ ಬಿಚ್ಚುವ ಮೊದಲು. ಜಡ್ಡಿನ ಹೆಸರು ಹೇಳಿದ, ಕೈ ತೋರಿಸಿದ, ಗುಳಿಗೆ ನುಂಗುತ್ತಿದ್ದೇನೆ ಅಂದ. "ನನ್ನ ಕೈಲಿಂದ ಮಿಸ್ಸಿಂಗ್ ಆಗ್ತಿತ್ತು. ತಂಗೀದು ತಪ್ಪಿಲ್ಲ. ಇಳಿಯೋರು ಇಳೀರಿ, ಬ್ಯಾಸರ ಇಲ್ಲ."

ಇಳಿದರು. ಮುಖ ತಗ್ಗಿಸಿ, ಒಬ್ಬರ ಹಿಂದೆ ಒಬ್ಬರು. ದಿನಾ ನಮ್ಮ ದೋಣಿಯಲ್ಲೇ ಹೋಗುವವರು. ಹುಲಿಗೆಪ್ಪನ ದೋಣಿ ತುಂಬಿ ನೀರಿಗೆ ತಗ್ಗಿತು. ಅವನು ಇವತ್ತು ನಗಲಿಲ್ಲ.

ಹಾಲಿನ ಗಾಳೆಮ್ಮ ಮಾತ್ರ ಕೂತೇ ಇದ್ದಳು.

"ಇಳಿಯೂದಿಲ್ಲೇನಮ್ಮಾ?" ಅಂದೆ.

"ನನ್ನ ಹಾಲು ಒಡದ್ರ ನೀ ಕೊಡ್ತೀಯೇನು? ನಡಿ ನಡಿ."

ಒಬ್ಬಳನ್ನೇ ಕರೆದುಕೊಂಡು ಹೋದೆವು. ಆಚೆ ದಂಡೆಯಲ್ಲಿ ಇಳಿಯುವಾಗ ಅಣ್ಣ ಬಲಗೈ ಕೊಟ್ಟ. ಆ ಕಡೆಯ ಕೈಯಲ್ಲಿ ಮುದುಕಿಗೆ ಹಾಲಿನ ಕ್ಯಾನ್ ಇತ್ತು. ಹತ್ತಿರವಿದ್ದ ಎಡಗೈಯನ್ನೇ ಹಿಡಿದು ಇಳಿದಳು. ನೆನಪಿದ್ದೇ ಹಿಡಿದಳೋ, ಮರೆತು ಹಿಡಿದಳೋ. ನಾನು ಅವಳ ಮುಖವನ್ನೇ ನೋಡಿದೆ. ಗೊತ್ತಾಗಲಿಲ್ಲ. ಅಣ್ಣ ಬಹಳ ಹೊತ್ತು ಆ ಕೈ ನೋಡುತ್ತ ನಿಂತಿದ್ದ.

ಈಗ ಎರಡನೇ ಟ್ರಿಪ್ಪಿಗೆ ಕಾಯುತ್ತಿದ್ದೇವೆ. ಎರಡೂ ದೋಣಿ ಪಕ್ಕ ಪಕ್ಕ. ಬಸ್ ಬಂದ ಶಬ್ದ ಆಯಿತು. ಮೇಲಿನಿಂದ ಜನ ಇಳಿದು ಬರುತ್ತಿದ್ದಾರೆ. ಅಣ್ಣ ಎದ್ದು ನಿಂತ. ಬೆಳಿಗ್ಗೆ ಇಳಿದು ಮನೆಗೆ ಹೋದವನೊಬ್ಬನೂ ಅವರಲ್ಲಿ ಇದ್ದ ಹಾಗಿದೆ, ಹೆಂಡತಿ ಜೊತೆಗೆ. ನಮ್ಮ ದೋಣಿಗೆ ಬರುತ್ತಿದ್ದಾರೋ, ಹುಲಿಗೆಪ್ಪನದಕ್ಕೋ, ಇಲ್ಲಿಂದ ಇನ್ನೂ ತಿಳಿಯುತ್ತಿಲ್ಲ.